ಅಮಾವಾಸ್ಯೆಗೆ ಬಿಡುವು ಪಡೆದ ಡಿಸ್ಕು

ನಾರಾಯಣಪೇಟೆಯಲ್ಲಿ ನಮ್ಮದು ಎರಡು ಕೋಣೆಯ ಕಚೇರಿ. ಸುತ್ತಲ ಹಳ್ಳಿಗಳ ಹಾಡುಗಳನ್ನು ದಾಖಲಿಸಿ ಕಾಪಾಡುವುದು ಕೆಲಸ. ಹಾಡುಗಳನ್ನು ತುಂಬಿಟ್ಟ ಕಂಪ್ಯೂಟರಿನ ಡಿಸ್ಕು ಕೆಟ್ಟರೂ ಅವು ಉಳಿಯಲೆಂದು ಗದ್ವಾಲದ ಕಚೇರಿಯಲ್ಲೂ ಅಂಥದ್ದೇ ಇನ್ನೊಂದನ್ನು ಇಟ್ಟಿದ್ದೆವು. ಇಲ್ಲಿ ತುಂಬಿದ್ದು ಇಂಟರ್ನೆಟ್ಟಿನಲ್ಲಿ ಅಲ್ಲಿಗೂ ಹೋಗಿ ಕೂರುತ್ತದೆ, ಅಲ್ಲಿಯದು ಇಲ್ಲಿಗೆ. ಒಂದು ಮಲಗಿದರೆ ಇನ್ನೊಂದಿದೆಯಲ್ಲ ಎಂದು ನಾನು ಹಾಯಾಗಿದ್ದೆ.

ಆ ಬೇಸಿಗೆಯ ಒಂದು ಸಂಜೆ ಗಾಳಿ ಎದ್ದು, ಕರೆಂಟು ಏರಿಳಿದು, ನಮ್ಮ ಯಂತ್ರ ಸುಟ್ಟ ವಾಸನೆ ಬಿಟ್ಟು ನಿಂತಿತು. ಬಿಡಿಭಾಗ ಬರಲು ವಾರಗಳೇ ಹಿಡಿದವು. ಅಲ್ಲಿಯವರೆಗೆ ಎಲ್ಲರೂ ಗದ್ವಾಲದ ಡಿಸ್ಕಿನಲ್ಲೇ ಕೆಲಸ ಮಾಡಿದರು.

ಯಂತ್ರ ರಿಪೇರಿಯಾದ ದಿನವೇ ಮಕ್ತಲ್ ಕಡೆಯ ಕುರುಬರ ಅಜ್ಜರೊಬ್ಬರು ಮಗಳ ಜೊತೆ ಬಂದು ಕುಳಿತರು. ಅವರ ಕುಲದೇವರು ಬೀರಪ್ಪನ ದೊಡ್ಡ ಹಾಡು ಪೂರ್ತಿ ಬರುತ್ತಿದ್ದುದು ಅವರೊಬ್ಬರಿಗೇ. ಗಂಟಲಿನ ಆಪರೇಷನ್ನಿಗೆ ಹೋಗುವ ಮುನ್ನ, ನಮ್ಮ ಯಂತ್ರ ಸುಟ್ಟ ದಿನದ ಬೆಳಿಗ್ಗೆ, ನಮ್ಮಲ್ಲಿ ಕುಳಿತು ಹಾಡಿ ಹೋಗಿದ್ದರು. ಈಗ ದನಿಯೇ ಇಲ್ಲ. ಕೊರಳಿಗೆ ಬಿಳಿ ಬಟ್ಟೆ ಸುತ್ತಿತ್ತು.

"ಅಪ್ಪನ ಹಾಡು ನಾ ಕಲೀಬೇಕ್ರಿ. ಇಲ್ಲಂದ್ರ ಅದು ಅಪ್ಪನ ಜೋಡಿನ ಹೋಗ್ತೈತಿ. ಹಚ್ರಿ," ಎಂದರು ಮಗಳು.

ನಮ್ಮ ಯಂತ್ರ ಇನ್ನೂ ಏಳುತ್ತಿತ್ತು. ಗದ್ವಾಲದ ಡಿಸ್ಕಿನಲ್ಲೇ ಹಾಡು ಹುಡುಕಿದೆ. ಇರಲಿಲ್ಲ. ಮತ್ತೆ ಹುಡುಕಿದೆ. ಇಲ್ಲ. ಅಷ್ಟರಲ್ಲಿ ನಮ್ಮ ಯಂತ್ರ ಎದ್ದು, ನನ್ನನ್ನು ಕೇಳದೆಯೇ, ಗದ್ವಾಲದ್ದೇ ಹೊಸ ಪ್ರತಿ ಎಂದು ತೀರ್ಮಾನಿಸಿ ನಮ್ಮ ಡಿಸ್ಕನ್ನು ಅದಕ್ಕೆ ಸರಿಯಾಗಿ ತಿದ್ದತೊಡಗಿತು. ಅಲ್ಲಿ ಇಲ್ಲದ್ದು ಇಲ್ಲೂ ಇರಬಾರದು, ಅದರ ಲೆಕ್ಕ ಅಷ್ಟೇ. ಪರದೆಯ ಮೇಲೆ ಹಸಿರು ಪಟ್ಟಿ ಮುಂದಕ್ಕೆ ತೆವಳುತ್ತಿತ್ತು. ಈಗ ವೈರು ಕಿತ್ತರೆ ನಮ್ಮ ಡಿಸ್ಕು ಅರ್ಧ ಹಳತು ಅರ್ಧ ಹೊಸತಾಗಿ ಪೂರ್ತಿ ಕೆಡಬಹುದು. ಕೀಳದಿದ್ದರೆ?

ಗದ್ವಾಲಕ್ಕೆ ಫೋನು ಮಾಡಿದೆ. ಅಲ್ಲಿ ಯಂತ್ರ ನೋಡಿಕೊಳ್ಳುವವನು ವಡ್ಡೆಪಲ್ಲಿ ಕಡೆಯ ಒಕ್ಕಲುತನದ ಮನೆಯವನು, ಮಹಾ ಸಮಾಧಾನದ ಮನುಷ್ಯ.

"ಗಾಳಿ ಎದ್ದು ನಮ್ಮ ಯಂತ್ರ ಸುಟ್ಟ ದಿನ ನಿಮ್ಮ ಲೈನ್ ಚಾಲೂ ಇತ್ತೇನು?"

"ಅವತ್ತ ಅಮಾಸಿ ಇತ್ತಲ್ರಿ. ಅಮಾಸಿ ದಿನ ಎತ್ತಿಗೆ ನೊಗ ಹಾಕಂಗಿಲ್ಲ, ಇದಕ್ಕ ಯಾಕ ತ್ರಾಸ ಕೊಡಬೇಕು ಅಂತ ಮುಂಜಾನೆನ ಈಬೂತಿ ಹಚ್ಚಿ, ಕಾಯಿ ಒಡದು, ವೈರ್ ತಗದು ಇಟ್ಟಿದ್ದೆ. ಮರುದಿನ ಮತ್ತ ಹಾಕೀನ್ರಿ!"

"ಹಾಳಾಗಿ ಹೋಗೋ ನಿನ್ನ ಅಮಾಸಿ!" ಎಂದು ಕಿರುಚಿ ಗೋಡೆಯಿಂದ ವೈರು ಕಿತ್ತುಬಿಟ್ಟೆ. ಅಂದು ಮರುದಿನ ಅವನು ವೈರು ಮತ್ತೆ ಸಿಕ್ಕಿಸುವ ಹೊತ್ತಿಗೆ ನಮ್ಮ ಯಂತ್ರ ಸುಟ್ಟಾಗಿತ್ತು; ಬೆಳಿಗ್ಗೆ ಹಾಡಿದ್ದು ಅಲ್ಲಿಗೆ ಹೋಗಲೇ ಇಲ್ಲ. ಆ ಹಾಡು ಲೋಕದಲ್ಲಿ ಇದ್ದದ್ದು ಈ ಒಂದು ಡಿಸ್ಕಿನಲ್ಲಿ ಮಾತ್ರ, ಅದನ್ನೂ ಈಗ ನಡುವೆ ಸೀಳಿದ್ದೆ.

ಅಜ್ಜ ನನ್ನ ಮುಖವನ್ನೇ ನೋಡುತ್ತಿದ್ದರು. "ಏನಾತ್ರಿ?" ಎಂದರು ಮಗಳು. "ಏನಿಲ್ರಿ," ಎಂದೆ.

ಡಿಸ್ಕನ್ನು ಬಿಚ್ಚಿ, ಉಳಿದದ್ದನ್ನೆಲ್ಲ ಒಂದು ಖಾಲಿ ಡಿಸ್ಕಿಗೆ ಹಾಗೇ ಇಳಿಸಿದೆ. ಅಷ್ಟಾಗುವ ತನಕ ನೀರು ಸಹ ಕುಡಿಯಲಾಗಲಿಲ್ಲ. ಆ ನಕಲಿನಲ್ಲಿ ಕೆಲವು ಕಡತಗಳು ತೆರೆಯಲೇ ಇಲ್ಲ. ಒಂದು ಮದುವೆ ಹಾಡಿನ ಬದಲು ಬರೀ ಕರಕರ ಸದ್ದು ಬಂತು. ಬೀರಪ್ಪನ ಹಾಡಿನ ಮೇಲೆ ಬೆರಳಿಟ್ಟಾಗ ನನಗೆ ಒತ್ತಲು ಧೈರ್ಯವಾಗಲಿಲ್ಲ. ಮಗಳೇ ಕೈ ಚಾಚಿ ಒತ್ತಿದರು.

ದನಿ ಬಂತು. ಕೋಣೆ ತುಂಬ ಬಂತು. ನಾನು ಉಸಿರು ಬಿಡುವಷ್ಟರಲ್ಲಿ ಅಜ್ಜ ದಡಕ್ಕನೆ ಎದ್ದು ನಿಂತರು. ಕಣ್ಣು ಅಗಲವಾಗಿದ್ದವು. ಒಂದು ಕೈ ಕೊರಳ ಮೇಲೆ, ಇನ್ನೊಂದು ಕೈಯಲ್ಲಿ ನಿಲ್ಲಿಸು, ನಿಲ್ಲಿಸು ಎಂದು ಸನ್ನೆ. ನಿಲ್ಲಿಸಿದೆ.

"ಅಪ್ಪ ಅಂಜ್ಯಾನ್ರಿ. ಸತ್ತವರ ದನಿ ಕೇಳ್ದಂಗ ಆಗ್ಯೈತಿ ಅವಗ."

ಅಜ್ಜ ಮತ್ತೆ ಕುಳಿತರು. ಮಗಳು ಅವರ ಕೈ ಹಿಡಿದುಕೊಂಡು, ಹಾಡು ನಿಂತಿದ್ದ ಸಾಲನ್ನು ತಾವೇ ಮೆಲ್ಲಗೆ ಎತ್ತಿಕೊಂಡರು. ಎರಡನೆಯ ಪದಕ್ಕೇ ತಪ್ಪಿದರು. ಅಜ್ಜ ಸಿಟ್ಟಿನಿಂದ ಅವರ ಮೊಣಕಾಲಿಗೆ ಪಟ್ಟನೆ ಹೊಡೆದು, ನನ್ನ ಕಡೆ ತಿರುಗಿ, ಹಚ್ಚು ಎಂದು ಬೆರಳು ತೋರಿಸಿದರು.