ಹಳದಿ ಹೂ ಬಿಟ್ಟ ಒಂದೆಲಗ

ಬಾಸ್ಕಿಂಗ್ ರಿಡ್ಜ್‌ನಲ್ಲಿ ನಮ್ಮ ಟೌನ್‌ಹೌಸಿನ ಹಿಂದೆ ಒಂದು ತೊರೆ ಇದೆ. ಏಪ್ರಿಲ್ ಬಂತೆಂದರೆ ಅದರ ಎರಡೂ ದಡದಲ್ಲಿ ಹಳದಿ ಹೂವು ಹಾಸಿಕೊಳ್ಳುತ್ತದೆ. ವಾಕಿಂಗ್ ಬರುವವರು ನಿಂತು ಫೋಟೊ ತೆಗೆಯುತ್ತಾರೆ, ಮಕ್ಕಳನ್ನು ಅದರ ನಡುವೆ ಕೂರಿಸಿ ನಗಿಸುತ್ತಾರೆ. ನನಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತದೆ. ಮನುಷ್ಯರನ್ನು ಬೈದು ಮರೆತಿದ್ದೇನೆ. ಈ ಗಿಡವನ್ನು ಏಳು ವರ್ಷದಿಂದ ಬೈಯುತ್ತಲೇ ಇದ್ದೇನೆ.

ಇಂಗ್ಲಿಷಿನಲ್ಲಿ ಇದಕ್ಕೆ ಲೆಸ್ಸರ್ ಸೆಲಂಡೈನ್ ಅನ್ನುತ್ತಾರೆ. ಕನ್ನಡದಲ್ಲಿ ಹೆಸರಿದ್ದಂತಿಲ್ಲ, ಇರುವುದೂ ಬೇಡ. ನೋಡುವುದಕ್ಕೆ ಬಲು ಸಾಧು. ಗೇಣುದ್ದ ಎದ್ದರೆ ಹೆಚ್ಚು, ನೆಲಕ್ಕೇ ಅಂಟಿಕೊಂಡಿರುತ್ತದೆ. ಒಂದೊಂದು ದಂಟಿಗೆ ಒಂದೊಂದು ಎಲೆ, ದುಂಡಗೆ, ತೊಟ್ಟಿನ ಹತ್ತಿರ ಸೀಳಿದಂತೆ, ಎಣ್ಣೆ ಸವರಿದ ಹೊಳಪು. ಹೂವಿಗೆ ಎಂಟೋ ಹತ್ತೋ ಎಸಳು. ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ, ಬಿಸಿಲು ಬಿದ್ದೊಡನೆ ಹಲ್ಲು ಕಿರಿಯುತ್ತದೆ. ತೊರೆಯ ನೀರು ಏರಿ ಇಳಿದ ಜವುಗು ನೆಲ ಇದಕ್ಕೆ ಬಲು ಇಷ್ಟ. ಮರಗಳು ಇನ್ನೂ ಬೋಳಾಗಿರುವಾಗಲೇ ಎದ್ದು, ಬೇರೆ ಗಿಡಕ್ಕೆ ಬೆರಳಷ್ಟೂ ಜಾಗ ಬಿಡದೆ ಹರಡಿ, ಜೂನ್ ಹೊತ್ತಿಗೆ ಏನೂ ಮಾಡದವರ ಹಾಗೆ ಮಾಯವಾಗುತ್ತದೆ. ಮಣ್ಣಿನೊಳಗೆ ಗೆಡ್ಡೆಗಳು ಮಾತ್ರ ಹಾಗೇ ಇರುತ್ತವೆ.

ನಾನು ಮೊದಲು ನೋಡಿದಾಗ ಹೂವಿರಲಿಲ್ಲ. ಜರ್ಸಿ ಸಿಟಿಯ ಹತ್ತೊಂಬತ್ತನೇ ಮಹಡಿಯಲ್ಲಿ ಆರು ವರ್ಷ ಮಣ್ಣು ಮುಟ್ಟದೆ ಬದುಕಿ, ಆಗಷ್ಟೇ ಈ ಮನೆಗೆ ಬಂದಿದ್ದೆವು. ಮಾರ್ಚ್ ತಿಂಗಳು. ತೊರೆಯ ದಡದಲ್ಲಿ ಆ ಎಲೆ ಕಂಡು ನಿಂತುಬಿಟ್ಟೆ. ಮೈಸೂರಿನಲ್ಲಿ ನಮ್ಮ ಹಿತ್ತಲ ನಲ್ಲಿಯ ಕೆಳಗೆ ಒಂದೆಲಗ ಹೀಗೇ ಬೆಳೆಯುತ್ತಿತ್ತು. ನೆನಪಿನ ಶಕ್ತಿಗೆ ಒಳ್ಳೆಯದೆಂದು ಪರೀಕ್ಷೆಯ ದಿನಗಳಲ್ಲಿ ಅಮ್ಮ ಅದನ್ನು ಹಸಿಯಾಗಿಯೇ ಅರೆದು, ಮಜ್ಜಿಗೆ ಬೆರೆಸಿ ತಂಬುಳಿ ಮಾಡಿ ಕುಡಿಸುತ್ತಿದ್ದಳು. ಬೇಯಿಸಿದರೆ ಗುಣ ಹೋಗುತ್ತದೆ ಅನ್ನುವುದು ಅವಳ ವಾದ.

ಮಗಳಿಗೆ ಆಗ ಒಂಬತ್ತು ವರ್ಷ. ಶಾಲೆಗೆಂದು ಈ ದೇಶದ ಐವತ್ತು ರಾಜ್ಯಗಳ ರಾಜಧಾನಿ ಬಾಯಿಪಾಠ ಮಾಡಬೇಕಿತ್ತು. ವರ್ಮಾಂಟ್ ಎಂದರೆ ಕಾಂಕರ್ಡ್ ಅನ್ನುತ್ತಿದ್ದಳು, ಹತ್ತು ಸಲ ತಿದ್ದಿದರೂ ಕಾಂಕರ್ಡೇ. ನಾನು ಒಂದು ಬೊಗಸೆ ಸೊಪ್ಪು ಕಿತ್ತು ತಂದೆ. ಒಂದೆಲಗದ ಅಂಚಿನಲ್ಲಿ ಸಣ್ಣ ಕಚ್ಚುಗಳಿರುತ್ತವೆ, ಇದಕ್ಕೆ ಅವು ಅಷ್ಟಾಗಿ ಇರಲಿಲ್ಲ. ಒಂದೆಲಗ ಬಳ್ಳಿಯಂತೆ ಹಬ್ಬುತ್ತದೆ, ಇದು ಗುಂಪುಗುಂಪಾಗಿತ್ತು. ಹಿಂದಿನ ವಾರವಷ್ಟೇ ಹಿಮ ಬಿದ್ದಿದ್ದ ನೆಲದಲ್ಲಿ ಒಂದೆಲಗ ಹೇಗೆ ಬದುಕೀತು ಎಂದೂ ಯೋಚಿಸಲಿಲ್ಲ. ಎಲೆ ಹಿಸುಕಿ ಮೂಸಿದೆ, ವಾಸನೆ ಇಲ್ಲ. ಈ ದೇಶದಲ್ಲಿ ಕೊತ್ತಂಬರಿಗೇ ವಾಸನೆ ಇಲ್ಲ, ಇದಕ್ಕೆಲ್ಲಿಂದ ಬರಬೇಕು ಅಂದುಕೊಂಡೆ. ಆ ಜಂಭಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ.

ಕಾಯಿ, ಜೀರಿಗೆ, ಮೆಣಸು ಹಾಕಿ ಅರೆದು ಮಜ್ಜಿಗೆ ಬೆರೆಸಿದೆ. ಉಪ್ಪು ನೋಡುವಾಗ ನಾಲಿಗೆ ಚುರುಗುಟ್ಟಿತು. ಮೆಣಸು ಒಂದೆರಡು ಕಾಳು ಜಾಸ್ತಿಯಾಯಿತೆಂದು ಇನ್ನಷ್ಟು ಮಜ್ಜಿಗೆ ಸುರಿದು ಲೋಟ ಅವಳ ಮುಂದಿಟ್ಟೆ.

ಒಂದು ಗುಟುಕು ಕುಡಿದು ಅವಳು ಮುಖ ಕಿವುಚಿದಳು. “ಅಮ್ಮ, ಇಟ್ ಬರ್ನ್ಸ್.”

“ಮೆಣಸು ಕಣೆ ಅದು. ನಾಟಕ ಮಾಡ್ಬೇಡ, ಕುಡಿ.”

ನಾನು ಎದುರಿಗೆ ನಿಂತೇ ಇದ್ದೆ. ಅವಳು ನನ್ನ ಮುಖ ನೋಡಿಕೊಂಡು ಅರ್ಧ ಲೋಟ ಕುಡಿದಳು.

ಕಾಲು ಗಂಟೆಯಲ್ಲಿ ವಾಂತಿ ಶುರುವಾಯಿತು. ತುಟಿ ಕೆಂಪಾಗಿ ಊದಿತು. ವಿಷದ ಹೆಲ್ಪ್‌ಲೈನಿಗೆ ಫೋನ್ ಮಾಡಿದೆ. ಯಾವ ಗಿಡ ಎಂದು ಅಲ್ಲಿನವಳು ಕೇಳಿದಳು. ನಾನು ಒಂದೆಲಗ ಎಂದೆ. ಸ್ಪೆಲ್ ಮಾಡಿ ಎಂದಳು. ನನ್ನ ಮಗು ಸಿಂಕಿಗೆ ಬಗ್ಗಿ ಅಳುತ್ತಿದ್ದರೆ ನಾನು ಒಂದೊಂದೇ ಅಕ್ಷರ ಹೇಳುತ್ತ ನಿಂತಿದ್ದೆ, ಅದೂ ಆ ಗಿಡದ್ದೇ ಅಲ್ಲದ ಹೆಸರಿನದು. ಕೊನೆಗೆ ಆಸ್ಪತ್ರೆಗೆ ಡ್ರೈವ್ ಮಾಡಿದೆ, ಮಿಕ್ಕ ಎಲೆಗಳನ್ನು ಕವರಿನಲ್ಲಿ ಹಾಕಿಕೊಂಡು. ಅದರ ನಿಜವಾದ ಹೆಸರು ನನಗೆ ಗೊತ್ತಾದದ್ದು ಅಲ್ಲಿ. ಇದು ಯಾರು ಕೊಟ್ಟದ್ದು ಎಂದು ನರ್ಸ್ ಮಗಳನ್ನೇ ಕೇಳಿದಳು. ಮಗಳು ಬೆರಳೆತ್ತಿ ನನ್ನನ್ನು ತೋರಿಸಿದಳು.

ಸಂಜೆಗೆ ಅವಳು ಸುಧಾರಿಸಿಕೊಂಡಳು. ಆಫೀಸಿನಿಂದ ನೇರ ಆಸ್ಪತ್ರೆಗೆ ಬಂದ ಗಂಡ, ಈ ದೇಶದಲ್ಲಿ ಅಂಗಡಿಗಳಿಗೆ ಬರಗಾಲವೇ ಎಂದು ಕೇಳಿದ. ಅವನ ಮೇಲಿನ ಸಿಟ್ಟೂ ಗಿಡದ ಮೇಲೆಯೇ ಹೋಯಿತು.

ಮರುವಾರ ಸನಿಕೆ ಹಿಡಿದು ದಡಕ್ಕಿಳಿದೆ. ಅಗೆದರೆ ಕಡಲೆಕಾಯಿಯಂಥ ಗೆಡ್ಡೆಗಳ ಗೊಂಚಲು, ಮುಟ್ಟಿದರೆ ಉದುರುತ್ತವೆ. ಎರಡು ಚೀಲ ತುಂಬಿಸಿದೆ ಎಂದು ಬೀಗಿದ್ದೇ ಬಂತು. ಉದುರಿದ ಒಂದೊಂದು ಗೆಡ್ಡೆಯೂ ಒಂದೊಂದು ಗಿಡವಾಗುತ್ತದಂತೆ. ಮುಂದಿನ ವಸಂತದಲ್ಲಿ ನಾನು ಅಗೆದಲ್ಲೇ ಒತ್ತೊತ್ತಾಗಿ ಎದ್ದಿತ್ತು. ಮೊದಲು ಒಂದೂ ಇಲ್ಲದಿದ್ದ ನಮ್ಮ ಹುಲ್ಲುಹಾಸಿನಲ್ಲಿ, ಹಿಂಬಾಗಿಲ ಮೆಟ್ಟಿಲ ಪಕ್ಕದಲ್ಲೇ, ಹಳದಿ ಹೂವು ಬಿಟ್ಟಿತ್ತು. ನನ್ನ ಬೂಟಿನ ಮಣ್ಣಿನ ಜತೆ ಬಂದದ್ದು. ಅದನ್ನು ಮನೆಗೆ ತಂದವಳು ಎರಡನೇ ಸಲವೂ ನಾನೇ.

ಮಗಳಿಗೆ ಈಗ ಹದಿನಾರು. ಅಂದಿನಿಂದ ನಾನು ಮಾಡಿದ ಹಸಿರು ಯಾವುದನ್ನೂ ಅವಳು ತಿಂದಿಲ್ಲ. ದಂಟಿನ ಸೊಪ್ಪಿನ ಹುಳಿ ಮಾಡಿದರೆ ಸೀರಿಯಲ್ ಡಬ್ಬಿ ತೆಗೆಯುತ್ತಾಳೆ. ನಾನೂ ಬೈದಿಲ್ಲ, ಅವಳೂ ಕಾರಣ ಹೇಳಿಲ್ಲ.

ಈ ಮಾರ್ಚ್‌ನಲ್ಲಿ ಪ್ರಿನ್ಸ್‌ಟನ್‌ನ ಆಂಟಿಯೊಬ್ಬರು ತಮ್ಮ ಅಡುಗೆಮನೆಯ ಕಿಟಕಿಯಲ್ಲಿ ಬೆಳೆಸಿದ ಒಂದೆಲಗ ಕೊಟ್ಟರು, ಕುಂಡದ ಸಮೇತ. ನಿಜವಾದದ್ದು. ಕಚ್ಚು ನೋಡಿದೆ, ಬಳ್ಳಿ ನೋಡಿದೆ, ಮೂಸಿ ನೋಡಿದೆ. ತಂಬುಳಿ ಮಾಡಿ ಎರಡು ಲೋಟಕ್ಕೆ ಹಾಕಿದೆ. ಮಗಳು ಕೆಳಗಿಳಿದು ಬಂದಳು, ಹಸಿರು ಬಣ್ಣ ನೋಡಿದಳು. ತಿರುಗಿ ಹೋಗುತ್ತಾಳೆ ಅಂದುಕೊಂಡೆ. ಇಲ್ಲ, ಕುರ್ಚಿ ಎಳೆದು ಕೂತಳು.

“ಯೂ ಫಸ್ಟ್, ಅಮ್ಮ,” ಎಂದಳು.

ನಾನು ನಿಂತಲ್ಲೇ ಲೋಟ ಎತ್ತಿ ಪೂರ್ತಿ ಕುಡಿದೆ. ಉರಿಯಲಿಲ್ಲ. ತುಂಬ ಚೆನ್ನಾಗಿತ್ತು, ಅಮ್ಮ ಮಾಡುತ್ತಿದ್ದ ಹಾಗೇ ಇತ್ತು. ಅವಳು ತನ್ನ ಲೋಟ ಮುಟ್ಟಲಿಲ್ಲ. ಒಮ್ಮೆ ನನ್ನ ತುಟಿ, ಒಮ್ಮೆ ಗೋಡೆಯ ಗಡಿಯಾರ ನೋಡುತ್ತ, ಕಾಲು ಗಂಟೆ ಕಳೆಯಲೆಂದು ಕೂತಿದ್ದಳು.