ಗೋಡೆಯಾಚೆ ಕುರ್ಚಿ ಸರಿದ ಸದ್ದು

ಮೊನ್ನೆ ನಮ್ಮ ಜಿಪಿ ವೈದ್ಯರು ನನ್ನ ಎಡಗಾಲನ್ನು ಅತ್ತಿತ್ತ ಮಡಿಸಿ ನೋಡಿ, ವಯಸ್ಸಾಯಿತು ಎಂಬ ಅರ್ಥದ ಒಂದು ನಗೆ ನಕ್ಕು ಕಳಿಸಿಬಿಟ್ಟರು. ಮನೆಗೆ ಬಂದವಳು, ಮೈಸೂರಿನಿಂದ ಅಕ್ಕ ಕಳಿಸಿದ್ದ ನೋವಿನ ಎಣ್ಣೆಯ ಸೀಸೆಯನ್ನು ಅಡುಗೆಮನೆಯ ಮೇಲಿನ ಕಪಾಟಿನಿಂದ ಇಳಿಸಿದೆ. ಮುಚ್ಚಳ ತಿರುಗಿಸಿದ್ದೇ ತಡ, ಎಳ್ಳೆಣ್ಣೆ, ಕರ್ಪೂರ, ಯಾವುದೋ ಬೇರಿನ ಕಹಿ ಎಲ್ಲ ಸೇರಿದ ಆ ವಾಸನೆ ಮೇಲೆದ್ದಿತು. ಒಲೆಯ ಮೇಲೆ ಹಾಲಿಟ್ಟಿದ್ದು ಮರೆತು ಹಾಗೇ ನಿಂತುಬಿಟ್ಟೆ. ಲಂಡನ್ನಿನ ಹ್ಯಾರೋದ ಈ ಅಡುಗೆಮನೆಗೆ ಆ ವಾಸನೆ ಹೊಸದೇನಲ್ಲ. ಒಂದು ಕಾಲದಲ್ಲಿ ಅದು ಬೇಲಿ ದಾಟಿ, ಅರ್ಧ ತೆರೆದ ಕಿಟಕಿಯಿಂದ ದಿನವೂ ಬೆಳಿಗ್ಗೆ ತಾನಾಗಿಯೇ ಒಳಗೆ ಬರುತ್ತಿತ್ತು...

ಅದು ಗೋಡೆ ಮಾವನ ವಾಸನೆ.

ಆ ಹೆಸರಿಟ್ಟವನು ನನ್ನ ಮಗ, ಚಿಕ್ಕವನಿದ್ದಾಗ. ಇಲ್ಲಿನ ಮನೆಗಳು ಜೋಡಿ ಮನೆಗಳು; ಎರಡು ಸಂಸಾರಕ್ಕೆ ನಡುವೆ ಒಂದೇ ಗೋಡೆ. ನಮ್ಮ ಹಾಲ್‌ನ ಗೋಡೆಯ ಆಚೆ ಬದಿಗೆ ಅವರ ಹಾಲ್. ಅವರ ಮನೆಯಲ್ಲಿ ಒಗ್ಗರಣೆ ಸಿಡಿದರೆ ನಮಗೆ ಕೇಳುತ್ತಿತ್ತು, ನಮ್ಮ ಮನೆಯ ಜಗಳ ಅವರಿಗೆ. ಕುಂದಾಪುರದ ಕಡೆಯವರು ಅವರು. ಪಾರ್ಕ್ ರಾಯಲ್‌ನಲ್ಲಿ ತಿಂಡಿ ತಯಾರಿಸುವ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಮಗಳು ಮತ್ತು ಮೊಮ್ಮಗಳ ಜೊತೆ ಇದ್ದರು. ಹೆಂಡತಿ ತೀರಿಕೊಂಡಿದ್ದರು. ಎರಡೂ ಮೊಣಕಾಲು ಸವೆದುಹೋಗಿದ್ದವು. ಬೆಳಿಗ್ಗೆ ಹಿತ್ತಲಲ್ಲಿ ಬಿಸಿಲು ಬಂದರೆ ಹಿತ್ತಲಲ್ಲಿ, ಬರದಿದ್ದರೆ ಅಡುಗೆಮನೆಯ ಬಾಗಿಲಲ್ಲಿ ಕೂತು, ಪ್ಯಾಂಟು ಮೇಲಕ್ಕೆ ಮಡಿಚಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು.

ಆ ಮೊಣಕಾಲುಗಳನ್ನು ಸವೆಸಿದ್ದು ಕಾರ್ಖಾನೆಯಲ್ಲ, ಯಕ್ಷಗಾನ. ಹುಡುಗಪ್ರಾಯದಲ್ಲಿ ಊರಿನ ಹವ್ಯಾಸಿ ತಂಡದಲ್ಲಿ ಎಳೆಯ ವೀರರ ವೇಷ ಕಟ್ಟುತ್ತಿದ್ದರಂತೆ. ಅವರ ಊರ ಕಡೆಯ ಯಕ್ಷಗಾನದಲ್ಲಿ ಮಂಡಿ ಎಂದೊಂದು ಕುಣಿತವಿದೆ. ಯುದ್ಧದ ಉತ್ಸಾಹ ನೆತ್ತಿಗೇರಿದಾಗ ವೇಷಧಾರಿ ಎರಡೂ ಮೊಣಕಾಲನ್ನು ನೆಲಕ್ಕೂರಿ, ಬುಗುರಿಯ ಹಾಗೆ ರಂಗಸ್ಥಳದ ತುಂಬ ಸುತ್ತಬೇಕು. ಜನ ಶಿಳ್ಳೆ ಹೊಡೆಯುವುದು ಆಗಲೇ. ಆ ವೇಷದ ಒಂದು ಫೋಟೋ ಅವರ ಟಿವಿಯ ಪಕ್ಕದಲ್ಲಿತ್ತು. ಬಣ್ಣ ಹಚ್ಚಿದ ಮುಖ, ನೆಲಕ್ಕೂರಿದ ಮೊಣಕಾಲು, ಮೇಲೆತ್ತಿದ ಗಲ್ಲ.

ಅವರ ಇನ್ನೊಂದು ಅಭ್ಯಾಸ ನಮಗೆ ಗೋಡೆಯ ಮೂಲಕವೇ ಗೊತ್ತಾದದ್ದು. ಟಿವಿಯಲ್ಲಿ ಯಾವುದೇ ಆಟ ಶುರುವಾಗುವ ಮೊದಲು ರಾಷ್ಟ್ರಗೀತೆ ಹಾಕುತ್ತಾರಲ್ಲ, ಆಗ ಆಚೆಯಿಂದ ‘ಕಿರ್ರ್’ ಎಂದು ಕುರ್ಚಿ ಸರಿದ ಸದ್ದು ಬರುತ್ತಿತ್ತು. ಮಾವ ಎದ್ದು ನಿಂತರು ಎಂದು ಅರ್ಥ. ನಮ್ಮ ದೇಶದ್ದಾಗಲಿ, ಈ ದೇಶದ್ದಾಗಲಿ, ಭೂಪಟದಲ್ಲಿ ಎಲ್ಲಿದೆಯೋ ಗೊತ್ತಿಲ್ಲದ ದೇಶದ್ದಾಗಲಿ, ಅವರಿಗೆ ಭೇದವಿರಲಿಲ್ಲ. ಎರಡು ತಂಡದ ಎರಡು ಹಾಡು ಮುಗಿಯುವವರೆಗೆ, ಕುರ್ಚಿಯ ಬೆನ್ನು ಹಿಡಿದು, ನಡುಗುವ ಕಾಲಲ್ಲಿ ನೆಟ್ಟಗೆ ನಿಂತಿರುತ್ತಿದ್ದರು. ಮನೆಯೊಳಗೆ ಯಾರು ನೋಡುತ್ತಾರೆ ಮಾವ ಎಂದು ಒಮ್ಮೆ ಕೇಳಿದ್ದೆ.

“ಬೇರೆಯವ್ರ ಅಮ್ಮ ಮನಿಗ್ ಬಂದ್ರೆ ನೀವ್ ಕೂತ್ಕಂಡೇ ಇರ್ತ್ರಿಯಾ? ಏಳ್ತ್ರಿ ಅಲ್ದಾ? ಹಾಂಗೇ ಇದೂ,” ಅಂದಿದ್ದರು.

ಈ ದೇಶದ ಹಾಡಿನ ಮಾತು ಬಂದರೆ ಮಾತ್ರ ಅವರ ದನಿ ಸ್ವಲ್ಪ ಬದಲಾಗುತ್ತಿತ್ತು. ಪೌರತ್ವ ಸಿಕ್ಕ ದಿನ ಕೌನ್ಸಿಲ್‌ನ ಸಭಾಂಗಣದಲ್ಲಿ, ಕೈಗೆ ಕೊಟ್ಟ ಕಾರ್ಡು ನೋಡಿಕೊಂಡು ಗಂಡ ಹೆಂಡತಿ ಇಬ್ಬರೂ ಆ ಹಾಡನ್ನು ಹೇಳಿದ್ದರಂತೆ. ಅತ್ತೆಗೆ ಇಂಗ್ಲಿಷ್ ಓದಲು ಬಾರದು. ಮಾವನ ತುಟಿ ನೋಡಿಕೊಂಡು ಅವರು ಹೇಳಿದ್ದನ್ನೇ ಅರ್ಧ ಕ್ಷಣ ತಡವಾಗಿ ಹೇಳುತ್ತ ಹೋದರಂತೆ. ಆ ಚಳಿಗಾಲ ದಾಟುವ ಮೊದಲೇ ಅತ್ತೆ ಹೋದರು... ಆಮೇಲಿಂದ ಆ ಹಾಡು ಬಂದಾಗಲೆಲ್ಲ, ಪಕ್ಕದಲ್ಲಿ ಇನ್ನೊಂದು ದನಿ ಅರ್ಧ ಕ್ಷಣ ತಡವಾಗಿ ಕೇಳುತ್ತದೆ ಎಂದು ಅವರೇ ಒಮ್ಮೆ ಹೇಳಿದ್ದರು.

ಭಾನುವಾರ ಆಟವಿದ್ದರೆ ಅವರ ಹಾಲ್‌ನಲ್ಲಿ ಸಣ್ಣ ಜಾತ್ರೆ. ಮಾವ ಗೋಳಿಬಜೆ ಕರಿಯುತ್ತಿದ್ದರು. ನನ್ನ ಗಂಡ, ಎರಡು ರಸ್ತೆ ಆಚೆಯ ಧಾರವಾಡದ ಡಾಕ್ಟರು ಖಾಯಂ ಗಿರಾಕಿಗಳು. ಕಪ್ಪು ಜನರಿಗೆ ಆಗುವ ಅನ್ಯಾಯವನ್ನು ಪ್ರತಿಭಟಿಸಿ ಆಟಗಾರರು ಹಾಡಿನ ಹೊತ್ತಿಗೆ ಮಂಡಿಯೂರುವುದು ಟಿವಿಯಲ್ಲಿ ಕಾಣಿಸತೊಡಗಿದ ವರ್ಷಗಳು ಅವು. ಬಜೆಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಲೇ ವಾದ ಶುರುವಾಗುತ್ತಿತ್ತು.

“ಆಟಾ ಆಡ್ಲಿಕ್ಕೆ ಬಂದಾರೋ, ಭಾಷಣಾ ಮಾಡ್ಲಿಕ್ಕೆ ಬಂದಾರೋ? ಎದ್ದ ನಿಲ್ಲಾಕ ಏನ್ ಧಾಡಿ ಇವರಿಗೆ?” ಎಂದು ಡಾಕ್ಟರು.

“ಬೈದ್ರಾ, ಕೂಗಿದ್ರಾ? ಸುಮ್ನೆ ಮಂಡಿ ಊರಿದ್ರಪ್ಪ. ಇದಕ್ಕಿಂತ ಮೆತ್ತಗೆ ಹೇಳೋದು ಹೇಗೆ?” ಎಂದು ನನ್ನ ಗಂಡ.

“ಹೇಳ್ಲಿಕ್ಕೆ ಬ್ಯಾರೆ ಟೈಮ್ ಇಲ್ಲೇನ್ರೀ?”

“ಬೇರೆ ಟೈಮಲ್ಲಿ ಹೇಳಿದ್ರೆ ನೀವು ಚಾನೆಲ್ ಬದಲಾಯಿಸ್ತೀರಲ್ಲ ಡಾಕ್ಟ್ರೇ!”

ಮಾವ ಡಾಕ್ಟರ ಪಕ್ಷ. ಆದರೆ ಹಾಡಿನ ನಡುವೆ ಗ್ಯಾಲರಿಯಿಂದ ಜನ ‘ಬೂ’ ಎಂದು ಕೂಗಿದ್ದು ಟಿವಿಯಲ್ಲಿ ಕೇಳಿದಾಗ ಮುಖ ಗಂಟಿಕ್ಕಿಕೊಳ್ಳುತ್ತಿತ್ತು. ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋಗಿಬಿಡುತ್ತಿದ್ದರು.

ಮೊಮ್ಮಗಳು ಹುಡುಗಿಯರ ಫುಟ್‌ಬಾಲ್ ತಂಡವೊಂದರಲ್ಲಿ ಆಡುತ್ತಿದ್ದಳು. ಕನ್ನಡ ಎಲ್ಲ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಮಾವ ಅವಳ ಆಟ ತಪ್ಪಿಸಿದವರಲ್ಲ. ಮಡಿಚುವ ಕುರ್ಚಿ, ಚಹಾದ ಫ್ಲಾಸ್ಕು, ಕಿವಿ ಮುಚ್ಚುವ ಟೋಪಿ. ಗೆರೆಯಾಚೆ ಕೂತು ಅವಳಿಗೊಬ್ಬಳಿಗೇ ಗೊತ್ತಾಗುವ ಹಾಗೆ ‘ಹೋಯ್’ ಎನ್ನುತ್ತಿದ್ದರು. ಒಂದೇ ಒಂದು ಆಟ ತಪ್ಪಿದ್ದು, ಆಸ್ಪತ್ರೆಯಲ್ಲಿ ಮೊಣಕಾಲು ತೋರಿಸುವುದಿದ್ದ ದಿನ. ಆ ದಿನವೇ ಅವಳ ಗೆಳತಿಯನ್ನು, ತಂಡದ ಗೋಲ್‌ಕೀಪರ್ ಕಪ್ಪು ಹುಡುಗಿಯನ್ನು, ಆಟ ನೋಡಲು ಬಂದಿದ್ದ ಯಾರೋ ಕೋತಿಯ ಹಾಗೆ ಕೂಗಿ ಅಣಕಿಸಿದರು. ಸುತ್ತ ನಿಂತಿದ್ದ ದೊಡ್ಡವರು ಬೂಟಿನ ಕೆಸರು ನೋಡುತ್ತ ಸುಮ್ಮನಿದ್ದರಂತೆ. ಮುಂದಿನದು ಫೈನಲ್. ಫೈನಲ್ಲಿಗೆ ಮೈಕಿನಲ್ಲಿ ರಾಷ್ಟ್ರಗೀತೆ ಹಾಕುವ ರೂಢಿ. ಹಾಡಿನ ಹೊತ್ತಿಗೆ ತಂಡದವರೆಲ್ಲ ಮಂಡಿಯೂರಬೇಕೆಂದು ಹುಡುಗಿಯರೇ ಮಾತಾಡಿಕೊಂಡರು.

ಸುದ್ದಿ ಮಾವನಿಗೆ ತಲುಪಿದ ಬಗೆ ನೆನೆದರೆ ಈಗಲೂ ನಗು ಬರುತ್ತದೆ. ಅಕ್ಸ್‌ಬ್ರಿಡ್ಜ್‌ನ ಆಫೀಸಿನಿಂದ ಮಗಳು ಫೋನು ಮಾಡಿ, “ಅಪ್ಪಾ, ಫೈನಲ್ ದಿವ್ಸ ಇವ್ಳೂ ನೀ ತಕಂತ್ಳಂಬ್ರ್” ಎಂದಳಂತೆ. ನಮ್ಮವರ ಮನೆಗಳಲ್ಲಿ ‘ನೀ’ ಎಂದರೆ ಎರಡೇ ಅರ್ಥ. ಒಂದು, ನೀನು. ಇನ್ನೊಂದು, ಮೊಣಕಾಲಿನ ಆಪರೇಷನ್. ಅವರದು ನೀ ಆಯ್ತಂತೆ, ಇವರದು ನೀ ಮುಂದಕ್ಕೆ ಹೋಯ್ತಂತೆ ಎಂದೇ ನಾವು ಮಾತಾಡುವುದು. ಮಾವ ಗಾಬರಿಯಿಂದ ಬೇಲಿಯ ಹತ್ತಿರ ಬಂದರು.

“ತಂಗೀ, ಈ ಪ್ರಾಯಕ್ಕೇ ನೀ ಆಪರೇಷನ್ ಮಾಡ್ತ್ರಾ? ನಂಗೇ ಇನ್ನೂ ತಾರೀಕ್ ಕೊಡ್ಲಿಲ್ಲೆ, ಇವ್ಳಿಗ್ ಕೊಟ್ರಾ? ಹೆಣ್ಣಿಗ್ ಎಂಥಾ ನೋವಿತ್ತೋ ಏನೋ, ಬಾಯಿ ಬಿಡ್ಲೇ ಇಲ್ಲ ಕಾಣಿ!”

ನಾನು ಬಟ್ಟೆ ಒಣಹಾಕುತ್ತಿದ್ದವಳು, ಕ್ಲಿಪ್ಪು ಬಾಯಲ್ಲಿಟ್ಟುಕೊಂಡೇ ನಕ್ಕೆ. ಹಾಡಿನ ಹೊತ್ತಿಗೆ ಮಂಡಿಯೂರುವುದಕ್ಕೆ ಇಂಗ್ಲಿಷಿನಲ್ಲಿ ‘ಟೇಕ್ ದ ನೀ’ ಎನ್ನುತ್ತಾರೆ ಎಂದು ನಗುತ್ತಲೇ ಬಿಡಿಸಿ ಹೇಳಿದೆ. ಅವರ ಗಾಬರಿ ಇಳಿಯಿತು. ಆದರೆ ಅದರ ಜಾಗಕ್ಕೆ ಬಂದದ್ದು ನಗುವಲ್ಲ.

ಆ ಸಂಜೆ ಅಜ್ಜ ಮೊಮ್ಮಗಳ ಮಾತು ಗೋಡೆಯ ಮೂಲಕ ಕೇಳಿಸಿತು. ಕೇಳಬಾರದೆಂದು ಟಿವಿ ಹಾಕಿದೆ, ಆದರೂ...

“ಹಾಡ್ ಹಾಕಿದಾಗ ನೀನ್ ಮಂಡಿ ಊರೂದಾದ್ರೆ ನಾ ಬತ್ತಿಲ್ಲೆ. ಅಷ್ಟೇ.”

“ಅಜ್ಜಾ, ಯು ವರ್ ನಾಟ್ ದೇರ್.” ನೀವು ಅಲ್ಲಿರಲಿಲ್ಲ ಎಂದಷ್ಟೇ ಹೇಳಿದಳು. ಆಮೇಲೆ ಫೋಟೋ ಎತ್ತಿಕೊಂಡಿರಬೇಕು. “ಯು ಡಿಡ್ ಇಟ್ ಟೂ. ಲುಕ್!”

“ಅದ್ ಕುಣಿತ ಮಗಾ! ರಂಗಸ್ಥಳದಲ್ ಮಂಡಿ ಊರ್ದವ ಸೋತವ ಅಲ್ಲ, ಗೊತ್ತಾಯ್ತಾ?”

“ಎಕ್ಸಾಕ್ಟ್ಲಿ, ಅಜ್ಜಾ.”

ಆಮೇಲೆ ಫೋಟೋವನ್ನು ಮತ್ತೆ ಟಿವಿಯ ಪಕ್ಕದಲ್ಲಿಟ್ಟ ಸದ್ದು ಕೇಳಿಸಿತು.

ಫೈನಲ್‌ವರೆಗಿನ ಆ ದಿನಗಳು ಮಂಜಿನೊಳಗೆ ನಡೆದ ಹಾಗೆ ನೆನಪಾಗುತ್ತವೆ. ಮೊಮ್ಮಗಳು ಹಿತ್ತಲಲ್ಲಿ ಚೆಂಡನ್ನು ಬೇಲಿಗೆ ಒದ್ದು ಒದ್ದು ಅಭ್ಯಾಸ ಮಾಡುತ್ತಿದ್ದಳು. ಅಜ್ಜ ಒಳಗೆ ಕೂತು ಎಣ್ಣೆ ತಿಕ್ಕುತ್ತಿದ್ದರು. ‘ಧಪ್’ ಎನ್ನುವ ಸದ್ದು, ಎಣ್ಣೆಯ ವಾಸನೆ. ಎರಡೂ ನಮ್ಮ ಮನೆಗೆ ಬರುತ್ತಿದ್ದವು, ಒಂದಕ್ಕೊಂದು ಮಾತಾಡುತ್ತಿರಲಿಲ್ಲ. ಆಟದ ದಿನ ಅಜ್ಜ ಬರುತ್ತಾರಾ ಎಂದು ಅವಳು ನನ್ನನ್ನು ಬೇಲಿಯ ಮೇಲಿಂದ ಕೇಳಿದಳು. ನನಗೇನು ಗೊತ್ತು ಕಂದಾ, ಎಂದೆ. ಅವಳ ಕಣ್ಣು ನೋಡಲಾಗಲಿಲ್ಲ. ಆ ಗೆರೆಯಾಚೆ ಖಾಲಿ ಜಾಗ ನೋಡಿಕೊಂಡು ಅವಳು ಎಂದೂ ಆಡಿದವಳಲ್ಲ... ಆ ಒಂದು ದಿನ ಬಿಟ್ಟರೆ.

ಫೈನಲ್ ದಿನ ಬೆಳಿಗ್ಗೆ ಅವಳು ತಂಡದ ಜೊತೆ ಮೊದಲೇ ಹೋದಳು. ಅವಳ ತಾಯಿಯ ಜೊತೆ ನಾನು ಕಾರು ಹತ್ತುತ್ತಿದ್ದೆ. ಅವರ ಮನೆಯ ಬಾಗಿಲು ತೆರೆಯಿತು. ಮಾವ, ಕೋಟು ಹಾಕಿಕೊಂಡು, ಮಡಿಚುವ ಕುರ್ಚಿ ಕಂಕುಳಲ್ಲಿ.

“ಚಾ ಮಾಡಿಟ್ಟಿದ್ದೆ. ಹಾಳಾಪ್ದ್ ಬ್ಯಾಡ ಅಂದೇಳಿ ಬಂದೆ,” ಎಂದು ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತರು.

ಮೈದಾನದಲ್ಲಿ ತೆಳುವಾದ ಬಿಸಿಲು. ಹುಲ್ಲಿನ ಮೇಲೆ ಇನ್ನೂ ಇಬ್ಬನಿ. ಎಲ್ಲವೂ ಗಾಜಿನ ಆಚೆ ನಡೆಯುತ್ತಿರುವ ಹಾಗೆ ಕಾಣುತ್ತಿತ್ತು. ಮೈಕು ಒಮ್ಮೆ ಗೊರಗೊರ ಎಂದಿತು, ಹಾಡು ಶುರುವಾಯಿತು. ಮಾವ ನನ್ನ ಭುಜ ಹಿಡಿದು ಎದ್ದರು, ಕೈ ತೆಗೆದರು, ನೆಟ್ಟಗೆ ನಿಂತರು. ಆ ಕಡೆ ಹುಡುಗಿಯರು, ಗಾಳಿಗೆ ಪೈರು ಬಾಗಿದ ಹಾಗೆ, ಒಬ್ಬೊಬ್ಬರಾಗಿ ಮಂಡಿಯೂರಿದರು. ಮೊಮ್ಮಗಳು ಗೋಲ್‌ಕೀಪರ್ ಹುಡುಗಿಯ ಪಕ್ಕದಲ್ಲಿ, ಗಲ್ಲ ಮೇಲೆತ್ತಿಕೊಂಡು.

ಆಗ ನಮ್ಮ ಹಿಂದಿನಿಂದ ಒಬ್ಬ ‘ಬೂ’ ಎಂದ. ಇನ್ನೊಂದು ದನಿ ಸೇರಿತು. ಅದು ನಿಧಾನವಾಗಿ ಬೇರೆಯದೇ ಕೂಗಾಯಿತು, ಹೂ ಹೂ ಎಂದು, ಕೋತಿಯ ಕೂಗು. ರಾಷ್ಟ್ರಗೀತೆ ನಡೆಯುತ್ತಲೇ ಇತ್ತು. ಕೂಗುವವರು ಎದ್ದೇ ನಿಂತಿದ್ದರು. ಮಾವ ತಿರುಗಲಿಲ್ಲ. ಹಾಡಿನ ನಡುವೆ ಅಲುಗಬಾರದಲ್ಲ... ಕೊನೆಯ ಸ್ವರ ಆರುವವರೆಗೂ ಅಲುಗಲಿಲ್ಲ. ಆರಿದ ಮೇಲೆ, ಮೆಲ್ಲಗೆ ಇಡೀ ಮೈ ತಿರುಗಿಸಿ, ಕೂಗಿದವರನ್ನು ಒಮ್ಮೆ ನೋಡಿದರು. ಮತ್ತೆ ಮೈದಾನದ ಕಡೆ ತಿರುಗಿದರು. ಕುರ್ಚಿಯ ತೋಳು ಹಿಡಿದು, ಮೊದಲು ಒಂದು ಮೊಣಕಾಲು, ಆಮೇಲೆ ಇನ್ನೊಂದು, ಒದ್ದೆ ಹುಲ್ಲಿನ ಮೇಲೆ ಊರಿದರು.

ಕೂಗು ನಿಂತಿತೋ, ನನ್ನ ಕಿವಿಗೆ ಕೇಳದಾಯಿತೋ, ತಿಳಿಯದು. ಮೈದಾನದ ನಡುವೆ ಏಳುತ್ತಿದ್ದ ಮೊಮ್ಮಗಳು ಇತ್ತ ನೋಡಿ ಹಾಗೇ ನಿಂತಳು.

ಆಮೇಲೆ ಆಗಬೇಕಾದ್ದೇ ಆಯಿತು. ಮಾವನಿಗೆ ಏಳಲಾಗಲಿಲ್ಲ. ನಾನೂ ಅವರ ಮಗಳೂ ಎಳೆದರೂ ಆಗಲಿಲ್ಲ. ರೆಫರಿ ಗಡಿಯಾರ ನೋಡಿಕೊಳ್ಳುತ್ತ ನಿಂತ. ಮೊಮ್ಮಗಳೂ ಗೋಲ್‌ಕೀಪರ್ ಹುಡುಗಿಯೂ ಓಡಿ ಬಂದು, ಒಂದೊಂದು ರಟ್ಟೆಗೆ ಕೈಕೊಟ್ಟು ಎತ್ತಿ ಕುರ್ಚಿಯಲ್ಲಿ ಕೂರಿಸಿದರು.

“ಇಳಿಯೂಕ್ ಸುಲಭ ಮಗಾ, ಏಳೂದೇ ಕಷ್ಟ,” ಎಂದರು ಮಾವ. ಅವಳು ಅಳುತ್ತಲೂ ನಗುತ್ತಲೂ ಅವರ ಟೋಪಿ ಸರಿಮಾಡಿದಳು. ಗೋಲ್‌ಕೀಪರ್ ಹುಡುಗಿ ತನ್ನ ದೊಡ್ಡ ಕೈಗವಸಿನಿಂದ ಅವರ ಮೊಣಕಾಲಿಗೆ ಅಂಟಿದ ಹುಲ್ಲು ಕೊಡವಿ ಓಡಿದಳು. ಆಟದಲ್ಲಿ ಅವರು ಸೋತರು. ಗೆರೆಯಾಚೆಯ ‘ಹೋಯ್’ ಮಾತ್ರ ಕೊನೆಯವರೆಗೂ ನಿಲ್ಲಲಿಲ್ಲ.

ಸಂಜೆ ಡಾಕ್ಟರು ಸುದ್ದಿ ಹಿಡಿದುಕೊಂಡೇ ಬಂದರು. “ಏನ್ರೀ ಮಾವಾರ, ಪಾರ್ಟಿ ಬದಲ್ ಮಾಡಿದ್ರಂತ?”

“ಯಾರ್ ಹೇಳ್ದ್ದ್? ಫ್ಲಾಸ್ಕಿನ್ ಮುಚ್ಚಳ ಬಿದ್ದಿತ್ತ್ ಮಾರ್ರೆ. ಹೆಕ್ಕೂಕ್ ಬಗ್ಗಿದ್ದೆ.” ಹೀಗೆಂದು ಬಜೆಯ ತಟ್ಟೆ ಮುಂದೆ ಮಾಡಿದರು. ಡಾಕ್ಟರು ನನ್ನ ಮುಖ ನೋಡಿದರು. ನಾನು ಚಟ್ನಿ ಬಡಿಸಿದೆ.

ಫ್ಲಾಸ್ಕು ಬೆಳಗಿನಿಂದಲೂ ನನ್ನ ಕೈಯಲ್ಲೇ ಇತ್ತು, ಮುಚ್ಚಳ ಸಮೇತ.

ಮುಂದಿನ ಭಾನುವಾರ ಮತ್ತೆ ಹಾಡು, ಮತ್ತೆ ಕುರ್ಚಿ ಸರಿದ ಸದ್ದು. ಅವರು ಎದ್ದು ನಿಲ್ಲುವುದನ್ನು ಬಿಡಲಿಲ್ಲ. ಮಂಡಿಯೂರಿದವರನ್ನು ಬೈಯುವುದನ್ನು ಬಿಟ್ಟರು. ಅವರ ನೀ ಆಪರೇಷನ್ನಿಗೆ ಕೊನೆಗೂ ತಾರೀಕು ಬಂದಿತು, ಆದರೆ ಅಷ್ಟರಲ್ಲಿ ಎದೆಯೇ ಕೈಕೊಟ್ಟಿತ್ತು... ಮೊಮ್ಮಗಳು ಈಗ ಉತ್ತರದ ಯಾವುದೋ ಊರಿನ ಶಾಲೆಯಲ್ಲಿ ಆಟ ಕಲಿಸುತ್ತಾಳೆ. ವೇಷದ ಫೋಟೋ ಅವಳ ಹತ್ತಿರವಿದೆಯಂತೆ. ಮಗಳು ಮನೆ ಬಿಟ್ಟ ಮೇಲೆ ಗೋಡೆಯಾಚೆ ಹೊಸಬರು ಬಂದಿದ್ದಾರೆ. ಒಳ್ಳೆಯ ಜನ, ನೆಲಕ್ಕೆಲ್ಲ ದಪ್ಪ ಕಾರ್ಪೆಟ್ ಹಾಸಿಸಿದ್ದಾರೆ. ಏನೂ ಕೇಳುವುದಿಲ್ಲ.

ಹಾಲು ಉಕ್ಕಿ ಒಲೆಯೆಲ್ಲ ಆಗಿತ್ತು. ಒರೆಸಿ, ಎಣ್ಣೆಯ ಸೀಸೆ ಹಿಡಿದು ಹಾಲ್‌ಗೆ ಬಂದೆ. ಟಿವಿಯಲ್ಲಿ ಯಾವುದೋ ಆಟ. ನನ್ನ ಗಂಡ ಸೋಫಾದಲ್ಲಿ ತೂಕಡಿಸುತ್ತಿದ್ದರು. ಮರದ ಕುರ್ಚಿಯಲ್ಲಿ ಕೂತು ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೆ. ಹಾಡು ಶುರುವಾಯಿತು, ಯಾವ ದೇಶದ್ದೋ. ಕೈ ತಾನಾಗಿ ನಿಂತಿತು. ಗೋಡೆಯ ಕಡೆ ಕಿವಿಗೊಟ್ಟೆ...

ಇಲ್ಲ.

ಎಣ್ಣೆಗೈಯಲ್ಲೇ ಕುರ್ಚಿಯನ್ನು ಹಿಂದಕ್ಕೆ ನೂಕಿ ಎದ್ದೆ. ಕಿರ್ರ್ ಎಂದಿತು. ಕಾರ್ಪೆಟ್ ಇಲ್ಲದ ನಮ್ಮ ನೆಲದಲ್ಲಿ ಅದು ಜೋರಾಗಿಯೇ ಕೇಳಿಸಿತು. ನನ್ನ ಗಂಡ ಕಣ್ಣು ಬಿಟ್ಟು, ನನ್ನನ್ನಲ್ಲ, ಗೋಡೆಯನ್ನು ನೋಡಿದರು.