ಪೂಜೆಗಿಟ್ಟ ಒನಕೆ ಶಟರ್ ತಡೆದ ದಿನ

ಅದು ೧೯೭೯. ನಾನು ಮದುವೆಯಾಗಿ ಹರಪನಹಳ್ಳಿಗೆ ಬಂದ ಎರಡನೇ ವರ್ಷದ ಆಯುಧ ಪೂಜೆ. ಕಾನ್ವೆಂಟ್‌ನಲ್ಲಿ ಓದಿದವಳು ನಾನು. ಖುಷಿಯಾದರೂ ಗಾಬರಿಯಾದರೂ ಬಾಯಿಗೆ ಮೊದಲು ಬರುತ್ತಿದ್ದುದು ಇಂಗ್ಲಿಷೇ. ಅತ್ತೆ ಅದಕ್ಕೇ "ನಮ್ಮ ಮೇಡಮ್ನೋರು ಎದ್ರೇನು?" ಎಂದು ಬೆಳಿಗ್ಗೆ ಬೆಳಿಗ್ಗೆ ಕಾಲೆಳೆಯುತ್ತಿದ್ದರು.

ಮಾವನವರದು ಶೇಂಗಾ ವ್ಯಾಪಾರ. ಆ ವರ್ಷವೇ ಒಂದು ಸೆಕೆಂಡ್‌ಹ್ಯಾಂಡ್ ಕಾರು ತಂದು, ಮನೆಯ ಪಕ್ಕಕ್ಕೆ ಗ್ಯಾರೇಜ್ ಕಟ್ಟಿಸಿ, ಅಂಗಡಿಗಳಿಗೆ ಇರುತ್ತದಲ್ಲ, ಅಂಥದೇ ರೋಲಿಂಗ್ ಶಟರ್ ಹಾಕಿಸಿದ್ದರು. ಮನೆಗೆ ಶಟರ್! ನಮ್ಮ ಓಣಿಯಲ್ಲಿ ಅದೇ ಫಸ್ಟ್. ಅದು ಗಡಗಡ ಎಂದು ಮೇಲೇರುವುದನ್ನು ನೋಡಲೆಂದೇ ಜನ ನಿಲ್ಲುತ್ತಿದ್ದರು.

ಹಬ್ಬಕ್ಕೆ ನಾಲ್ಕು ದಿನ ಮೊದಲು, ಶಟರ್ ಕೂಡಿಸಿದ್ದ ಹನೀಫ್ ಸಾಬರು ಗ್ರೀಸ್ ಹಚ್ಚಲು ಬಂದರು. ಒಮ್ಮೆ ಎತ್ತಿ ಇಳಿಸಿ, ಮುಖ ಸಣ್ಣಗೆ ಮಾಡಿದರು.

"ಅಕ್ಕಾರ, ಮ್ಯಾಲಿನ ಸ್ಪ್ರಿಂಗ್ ಸೋತೈತಿ. ಶಟರಿನ ಭಾರ ಎಲ್ಲಾ ಅದರ ಮ್ಯಾಲ ಇರ್ತೈತ್ರಿ. ಹಬ್ಬ ಮುಗಿದ ಮ್ಯಾಲ ದಾವಣಗೇರಿಯಿಂದ ಹೊಸಾದು ತರ್ತೀನಿ. ಅಲ್ಲೀತನ ಕಾರು ಹೊರಗs ಇರ್ಲಿ. ಇದನ್ನ ಎತ್ತಬ್ಯಾಡ್ರಿ, ಎತ್ತಿದ್ರೂ ಕೆಳಗ ಯಾರೂ ನಿಂದ್ರಬ್ಯಾಡ್ರಿ."

"ಮನೆಯಲ್ಲಿ ಎಲ್ಲರಿಗೂ ಹೇಳ್ತೀನಿ" ಎಂದೆ. ಯಜಮಾನರಿಗೆ ಹೇಳಿದೆ, ಅವರು ಕಾರು ಹೊರಗೆ ನಿಲ್ಲಿಸಿದರು. ಅತ್ತೆ-ಮಾವನಿಗೆ ಹೇಳಬೇಕೆಂದಿದ್ದೆ. ಹಬ್ಬದ ಗದ್ದಲದಲ್ಲಿ, ಐ ಕ್ಲೀನ್ ಫರ್ಗಾಟ್.

ಪೂಜೆಯ ದಿನ ಗ್ಯಾರೇಜಿನ ಮುಂದೆ ಮಣೆ ಹಾಕಿ ಕಾರಿನ ಜ್ಯಾಕ್, ಪಾನಾ, ಕುಡುಗೋಲು, ಈಳಿಗೆ ಮಣೆ, ಒನಕೆ ಎಲ್ಲವನ್ನೂ ಸಾಲಾಗಿ ಇಟ್ಟು ಕುಂಕುಮ, ಹೂವು ಏರಿಸಿದ್ದಾಯಿತು. ನಮ್ಮ ಮನೆಯಲ್ಲಿ ಪೂಜೆಗೆ ಇಟ್ಟದ್ದನ್ನು ಮರುದಿನದವರೆಗೆ ಯಾರೂ ಮುಟ್ಟುವಂತಿರಲಿಲ್ಲ. ಆವತ್ತು ತರಕಾರಿಯನ್ನೂ ಹೆಚ್ಚುವಂತಿಲ್ಲ, ಹಿಂದಿನ ದಿನವೇ ಹೆಚ್ಚಿಟ್ಟಿರಬೇಕು. ಅತ್ತೆ ಅಷ್ಟು ಸ್ಟ್ರಿಕ್ಟ್.

ನಾನು ಒಳಗೆ ಹೋಳಿಗೆ ಬೇಯಿಸಿ, ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು ನೋಡುತ್ತೇನೆ: ಶಟರ್ ಆಳೆತ್ತರಕ್ಕೆ ಎದ್ದಿದೆ! ಮಾವನವರು ಅದಕ್ಕೂ ಪೂಜೆಯಾಗಲಿ ಎಂದು ಎತ್ತಿ, ಅಂಗಡಿ ಪೂಜೆಗೆ ಹೋಗಿಬಿಟ್ಟಿದ್ದರು. ಅತ್ತೆ ಸರಿಯಾಗಿ ಅದರ ಕೆಳಗೆ, ಹೊಸ್ತಿಲಿನ ಮೇಲೆ ಕುಕ್ಕುರುಗಾಲಲ್ಲಿ ಕುಳಿತು ರಂಗೋಲಿ ಹಾಕುತ್ತಿದ್ದರು.

ಕರ್ರ್ ಎಂದು ಸದ್ದಾಯಿತು. ಶಟರ್ ಒಂದು ಗೇಣು ಜಾರಿ ನಿಂತಿತು. ಅದಕ್ಕೆ ಹಚ್ಚಿದ್ದ ಕುಂಕುಮ ಅತ್ತೆಯ ತಲೆಯ ಮೇಲೆ ಉದುರಿತು.

"ಗೆಟ್ ಔಟ್! ಅತ್ತಿ, ಗೆಟ್ ಔಟ್!" ಎಂದು ಕಿರುಚಿದೆ. ಕನ್ನಡದ ಒಂದು ಪದವೂ ಬಾಯಿಗೆ ಬರಲೊಲ್ಲದು!

ಅತ್ತೆ ಅಲ್ಲೇ ಕುಳಿತು ತಲೆಯೆತ್ತಿದರು. "ಏನವ್ವಾ, ಹಬ್ಬದ ದಿನ ಅತ್ತಿಗೇ ಗೆಟೌಟ್ ಅಂತೀಯಾ?"

ಇನ್ನೊಂದು ಸಲ ಕರ್ರ್ ಎಂದಿತು. ನನಗೆ ಮುಂದಿನದು ತೋಚಲಿಲ್ಲ. ಪೂಜೆಯ ಸಾಲಿನಿಂದ ಒನಕೆಯನ್ನು ಎಳೆದುಕೊಂಡೆ, ಹೂವು ಚೆಲ್ಲಾಪಿಲ್ಲಿಯಾಯಿತು. ಓಡಿಹೋಗಿ ಅದನ್ನು ಶಟರಿನ ಕೆಳಗೆ ನೆಟ್ಟಗೆ ನಿಲ್ಲಿಸಿ ಹಿಡಿದೆ.

"ಅಯ್ಯಯ್ಯೋ! ಪೂಜಿ ಒನಕಿ ಮುಟ್ಟಿದ್ಯೇನs ಮಾರಾಯ್ತಿ! ಇಡು ಕೆಳಗ!" ಎಂದು ಅತ್ತೆ ಧಡಕ್ಕನೆ ಎದ್ದು ಒನಕೆ ಕಸಿಯಲು ನನ್ನ ಮೇಲೇ ಬಂದರು. ನನ್ನ ಇಂಗ್ಲಿಷಿಗೆ ಅಲುಗಾಡದವರು ಒನಕೆಗೆ ಎದ್ದರು! ನಾನು ಅವರ ರಟ್ಟೆ ಹಿಡಿದು ಅಂಗಳಕ್ಕೆ ಎಳೆದೆ. ಅಷ್ಟರಲ್ಲಿ ಶಟರ್ ಜಾರಿ ಒನಕೆಯ ತಲೆಗೆ ಬಡಿಯಿತು. ಒಂದು ಉಸಿರಿನಷ್ಟು ಹೊತ್ತು ಒನಕೆ ತಡೆಯಿತು. ಆಮೇಲೆ ಓರೆಯಾಗಿ ಜಾರಿತು. ಧಡಾರ್! ಇಡೀ ಓಣಿ ಹೊರಗೆ ಬಂತು.

ಹೊಸ್ತಿಲ ಮೇಲಿದ್ದ ರಂಗೋಲಿ ಡಬ್ಬಿ ಹಪ್ಪಳವಾಗಿತ್ತು. ಅತ್ತೆ ಅದನ್ನೇ ನೋಡುತ್ತ ನಿಂತರು.

"ಹನೀಫ್ ಸಾಬ್ರು ಹೇಳಿದ್ರು ಅತ್ತಿ, ನಾನೇ ನಿಮಗೆ ಹೇಳೋದು ಮರೆತೆ" ಎಂದು ನಾನು ಅತ್ತುಬಿಟ್ಟೆ.

ಅವರು ಓಣಿಯವರಿಗೆ ಕೇಳದಂತೆ ಮೆಲ್ಲಗೆ ಅಂದರು: "ನಿಮ್ಮ ಮಾವಗ ಹೇಳಬ್ಯಾಡ. ನೀ ಹೇಳೋದು ಮರೆತಿ, ನೀ ಎಬ್ಬಿಸಿದ್ರೂ ನಾ ಏಳಲಿಲ್ಲ. ಸರಿಗೆ ಸರಿ ಆತು. ಒನಕಿ ಮುರದೈತೇನು ನೋಡು."

ಮುರಿದಿರಲಿಲ್ಲ. ತಲೆಯ ಹತ್ತಿರ ಒಂದು ಕಚ್ಚು ಬಿದ್ದಿತ್ತು, ಅಷ್ಟೆ.

ಹಬ್ಬ ಮುಗಿದ ಮೇಲೆ ಹನೀಫ್ ಸಾಬರು ಹೊಸ ಸ್ಪ್ರಿಂಗ್ ಹಾಕಿ, ಅತ್ತೆಯನ್ನೇ ಕರೆದು ಹೇಳಿಕೊಟ್ಟರು: "ತಿಂಗಳಿಗೊಮ್ಮಿ ಅರ್ಧಕ್ಕ ಎತ್ತಿಸಿ ಬಿಡಿಸ್ರಿ ಅಮ್ಮಾರ, ದೂರ ನಿಂತು ನೋಡ್ರಿ. ನಿಂತ್ರ ಸ್ಪ್ರಿಂಗ್ ಗಟ್ಟಿ. ಜಾರಿದ್ರ ನನ್ನ ಕರೀರಿ, ನೀವಾಗೇ ಅದನ್ನ ಬಿಚ್ಚಬ್ಯಾಡ್ರಿ." ಅಂದಿನಿಂದ ಪ್ರತಿ ಅಮಾವಾಸ್ಯೆ ಕಾರಿಗೆ ಪೂಜೆ, ಶಟರಿಗೆ ಪರೀಕ್ಷೆ. ಅತ್ತೆ ಇರುವವರೆಗೆ ಒಂದು ತಿಂಗಳೂ ತಪ್ಪಿಸಲಿಲ್ಲ.

ಹೋದ ವರ್ಷ ಆ ಶಟರ್ ತೆಗೆದು, ಬಟನ್ ಒತ್ತಿದರೆ ಏರಿಳಿಯುವ ಬಾಗಿಲು ಹಾಕಿಸಿದೆವು. ಕೂಡಿಸಲು ಬಂದವರು, "ಟೆಸ್ಟ್ ಮಾಡ್ಬೇಕು, ಕೆಳಗೆ ಇಡಾಕ ಒಂದು ಕಟ್ಟಿಗಿ ಇದ್ರ ಕೊಡ್ರಿ ಅಮ್ಮಾ" ಎಂದರು. ನಾನು ಒಳಗಿನಿಂದ ಆ ಒನಕೆಯನ್ನೇ ತಂದು ಅಡ್ಡ ಮಲಗಿಸಿದೆ. ಬಾಗಿಲು ಇಳಿಯಿತು, ಒನಕೆಗೆ ತಾಗಿತು, ತಾನಾಗಿಯೇ ಮತ್ತೆ ಮೇಲೆ ಹೋಯಿತು. ನಾನು ಶಾಲೆಯ ಹುಡುಗಿಯಂತೆ ಚಪ್ಪಾಳೆ ತಟ್ಟಿಬಿಟ್ಟೆ.

ಅವರು ಹೋದ ಮೇಲೆ ಒನಕೆ ಒರೆಸುತ್ತ ಆ ಕಚ್ಚಿನ ಮೇಲೆ ಬೆರಳಾಡಿಸಿದೆ. "ನೋಡಿದ್ರಾ ಅತ್ತಿ, ಈ ಬಾಗಿಲಿಗೆ ಗೆಟೌಟ್ ತಿಳೀತೈತಿ" ಎಂದೆ. ಅವರ ಅಮಾವಾಸ್ಯೆ ಪರೀಕ್ಷೆ ಈಗ ನನ್ನ ಪಾಲಿಗೆ. ನಾಳೆ ಮತ್ತೆ ಅಮಾವಾಸ್ಯೆ, ದೂರ ನಿಂತು ಬಟನ್ ಒತ್ತಬೇಕು.